ಕರ್ನಾಟಕದ ವೈನ್ ಬಗ್ಗೆ ದಾವಣಗೆರೆ, ದುರ್ಗದ ಕಡೆಯೋರು ಪದೇ ಪದೇ ಕೇಳೋ ಪ್ರಶ್ನೆಗಳು

ಮದುವೆ ಮನೇಲಿ ಮೂಲೆಗೆ ಕರ್ಕೊಂಡು ಹೋಗಿ ಕೇಳಿದ್ದು, ವಾಟ್ಸಾಪ್‌ನಲ್ಲಿ ಬಾಟ್ಲು ಫೋಟೋ ಹಾಕಿ "ಇದು ತಗೋಬಹುದಾ" ಅಂದಿದ್ದು, ಪತ್ರ ಬರೆದು ಕೇಳಿದ್ದು, ಎಲ್ಲಾ ಸೇರಿಸಿ ಅವರವರ ಮಾತಲ್ಲೇ ಇಟ್ಟಿದೀನಿ. ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ. ನಮ್ಮ ರಾಜ್ಯದಲ್ಲಿ ಒಳ್ಳೆ ವೈನ್ ತಯಾರಾಗ್ತಿದೆ, ತೊಂದ್ರೆ ತೋಟದಲ್ಲಿಲ್ಲ, ವೈನರಿಯಲ್ಲೂ ಇಲ್ಲ, ಅಲ್ಲಿಂದ ನಮ್ಮ ಲೋಟಕ್ಕೆ ಬರೋ ದಾರಿಯಲ್ಲಿದೆ. 21 ತುಂಬದೋರು ಇಲ್ಲಿಗೇ ಓದೋದು ನಿಲ್ಲಿಸ್ರಿ, ನಿಮಗೆ ಅಂಗಡಿಯಲ್ಲೂ ಕೊಡಲ್ಲ.

## ಈಗಷ್ಟೇ ಶುರು ಮಾಡೋರಿಗೆ

ಅಣ್ಣಾ, ವೈನ್ ಅಂದ್ರೆ ನಾಸಿಕ್ ಅಲ್ವಾ? ಕರ್ನಾಟಕದಲ್ಲಿ ನಿಜವಾಗ್ಲೂ ಮಾಡ್ತಾರಾ?

ಮಾಡ್ತಾರೆ, ಅದೂ ನಾಸಿಕ್‌ನಲ್ಲಿ ಸುಲಾ ಕಂಪನಿ ಶುರುವಾಗೋಕೆ ಮುಂಚಿಂದಾನೇ. ಕನ್ವಲ್ ಗ್ರೋವರ್ ಅನ್ನೋರು ಫ್ರಾನ್ಸ್‌ನಿಂದ ಬಳ್ಳಿ ತರಿಸಿ ದೇಶದ ಬೇರೆ ಬೇರೆ ಕಡೆ ಬೆಳೆಸಿ ನೋಡಿ ಕೊನೆಗೆ ನಂದಿ ಬೆಟ್ಟದ ಹತ್ರ ದೊಡ್ಡಬಳ್ಳಾಪುರದಲ್ಲಿ ನೆಲೆ ನಿಂತ್ರು, ಕಂಪನಿ ಶುರುವಾಗಿದ್ದು 1988ರಲ್ಲಿ. ಅದೇ ಗ್ರೋವರ್ 2012ರಲ್ಲಿ ನಾಸಿಕ್ ಕಡೆ ವೈನರಿ ಒಂದರ ಜೊತೆ ಸೇರಿ ಗ್ರೋವರ್ ಜಂಪಾ ಆಯ್ತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು, ಇದಕ್ಕಂತಾನೇ ಒಂದು ಮಂಡಳಿನೂ ಆಯ್ತು, ಆಮೇಲೆ ಸಣ್ಣಪುಟ್ಟ ವೈನರಿಗಳು ಬಂದ್ವು.

ಈಗ ನಾಲ್ಕು ಸೀಮೆ ಹೇಳಬಹುದು. ನಂದಿ ಬೆಟ್ಟದ ಸುತ್ತಮುತ್ತ, ಮೈಸೂರು-ಚನ್ನಪಟ್ಟಣ ಕಡೆ ಕಾವೇರಿ ಸೀಮೆ, ವಿಜಯಪುರ-ಬಾಗಲಕೋಟೆ-ಬೆಳಗಾವಿಯ ಕೃಷ್ಣಾ ಸೀಮೆ, ಆಮೇಲೆ ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್. ಕೊನೇದು ನಮಗೆ ಬಹಳ ದೂರದ್ದೇನಲ್ಲ, ಆದ್ರೂ ನಮ್ಮೋರಿಗೇ ಗೊತ್ತಿಲ್ಲ.

ವೈನ್ ಶಾಪ್‌ಗೆ ಹೋಗಿ ವೈನ್ ಕೇಳಿದ್ರೆ ಮುಖ ನೋಡ್ತಾರೆ, ಎಲ್ಲಿ ಸಿಗುತ್ತೆ ಹೇಳ್ರಿ

ಬೋರ್ಡ್ ಮೇಲೆ ವೈನ್ಸ್ ಅಂತಿರುತ್ತೆ, ಒಳಗೆ ನೂರಕ್ಕೆ ತೊಂಬತ್ತು ಪಾಲು ವಿಸ್ಕಿ ಬ್ರಾಂದಿ ರಮ್, 90 ಎಂಎಲ್ ಪ್ಯಾಕೆಟ್ಟು. ವೈನ್ ಕೇಳೋರು ಕಮ್ಮಿ ಅಂತ ತರಿಸಲ್ಲ, ತರಿಸಲ್ಲ ಅಂತ ಯಾರೂ ಕೇಳಲ್ಲ. ಸ್ವಲ್ಪ ದೊಡ್ಡ ಅಂಗಡಿಗೆ ಹೋಗ್ರಿ, ಎಂಎಸ್‌ಐಎಲ್ ಮಳಿಗೆಯಲ್ಲೂ ಕೇಳಿ ನೋಡ್ರಿ. ನಾನು ಹೇಳೋ ಉಪಾಯ ಅಂದ್ರೆ ಒಬ್ಬ ಅಂಗಡಿಯೋನ ಜೊತೆ ಪರಿಚಯ ಮಾಡ್ಕೊಂಡು, ಇಂಥ ಕಂಪನಿ ಇಂಥ ದ್ರಾಕ್ಷಿ ಅಂತ ಚೀಟಿ ಬರೆದುಕೊಟ್ಟು, ಫ್ರೆಂಡ್ಸ್ ಎಲ್ಲಾ ಸೇರಿ ಆರು ಬಾಟ್ಲು ಒಟ್ಟಿಗೆ ತಗೋತೀವಿ ಅಂದ್ರೆ ತರಿಸಿಕೊಡ್ತಾರೆ. ಇಲ್ಲಾ ಬೆಂಗಳೂರಿಗೆ ಹೋದಾಗ ತರೋದು, ಆದ್ರೆ ಬಿಲ್ ಕೈಯಲ್ಲಿರ್ಲಿ.

ಸಿಹಿ ಇರೋದೇ ಅಲ್ವಾ ಒಳ್ಳೆ ವೈನು? ನಂಗೆ ಈ ಡ್ರೈ ವೈನ್ ಹುಳಿ ಹುಳಿ, ಒಗರು ಅನ್ಸುತ್ತೆ

ನಮ್ಮಲ್ಲಿ ಬಹಳ ಜನಕ್ಕೆ ಮೊದಲು ಪರಿಚಯ ಆಗೋದು ಪೋರ್ಟ್ ಅಂತ ಮಾರೋ ಸಿಹಿ ವೈನ್, ಇಲ್ಲಾ ಕ್ರಿಸ್‌ಮಸ್‌ನಲ್ಲಿ ಯಾರೋ ಕೊಟ್ಟ ಮನೆ ವೈನ್. ಅದರಲ್ಲಿ ಹೆಚ್ಚಾಗಿ ಬಳಸೋದು ಬೆಂಗಳೂರು ಬ್ಲೂ ದ್ರಾಕ್ಷಿ, ಆ ಕಪ್ಪು ದ್ರಾಕ್ಷಿ ಜ್ಯೂಸಿನ ಘಮ ಬರುತ್ತಲ್ಲ ಅದೇ. ಅದು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಜಾತಿಯ ಕಡೆಯದು, ಜ್ಯೂಸಿಗೆ ಭರ್ಜರಿ, ಡ್ರೈ ವೈನಿಗೆ ಆಗಿಬರಲ್ಲ. ಡ್ರೈ ವೈನಿಗೆ ಬಳಸೋ ಶಿರಾಜ್, ಕ್ಯಾಬರ್ನೆ, ಶೆನಿನ್ ಬ್ಲಾಂ ದ್ರಾಕ್ಷಿಗಳೆಲ್ಲ ಯುರೋಪಿನ ವಿನಿಫೆರಾ ಜಾತಿ.

ಡ್ರೈ ವೈನ್‌ನಲ್ಲಿ ದ್ರಾಕ್ಷಿಯ ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಆಲ್ಕೋಹಾಲ್ ಆಗಿರುತ್ತೆ, ಉಳಿಯೋದು ಹುಳಿ, ಕೆಂಪು ವೈನಾದ್ರೆ ಸಿಪ್ಪೆ ಬೀಜದಿಂದ ಬರೋ ಒಗರು, ಅದಕ್ಕೆ ಟ್ಯಾನಿನ್ ಅಂತಾರೆ. ಬರೀ ಬಾಯಲ್ಲಿ ಕುಡಿದ್ರೆ ಒಗರು ಎದ್ದು ಕಾಣುತ್ತೆ, ಊಟದ ಜೊತೆ ಅಷ್ಟು ಕಾಣಲ್ಲ. ಸಿಹಿ ಇಷ್ಟ ಅಂದ್ರೆ ತಪ್ಪೇನಿಲ್ಲ, ಲೇಟ್ ಹಾರ್ವೆಸ್ಟ್ ಅಂತ ಬರುತ್ತೆ, ಹಣ್ಣನ್ನ ಬಳ್ಳಿ ಮೇಲೇ ಹೆಚ್ಚು ದಿನ ಬಿಟ್ಟು ಸಿಹಿ ಗಟ್ಟಿಯಾದ ಮೇಲೆ ಮಾಡಿದ್ದು, ಅದನ್ನ ಹುಡುಕ್ರಿ. ಸಕ್ಕರೆ ಸುರಿದ ಪೋರ್ಟ್‌ಗಿಂತ ಸಾವಿರ ಪಾಲು ಮೇಲು.

ವೈನ್‌ನಲ್ಲಿ ಕಿಕ್ ಇರಲ್ವಂತೆ, ಒಂದ್ ಗ್ಲಾಸ್ ಹಾಕ್ಕೊಂಡು ಗಾಡಿ ಓಡಿಸಬಹುದಾ?

ಲೆಕ್ಕ ಹಾಕೋಣ. ಶೇ. 13 ಇರೋ ವೈನ್ 150 ಎಂಎಲ್ ಕುಡಿದ್ರೆ ಒಳಗೆ ಹೋಗೋ ಆಲ್ಕೋಹಾಲ್ ಸುಮಾರು 15 ಗ್ರಾಂ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ. ಅಂದ್ರೆ ಒಂದು ಗ್ಲಾಸ್ ವೈನ್ ಒಂದೂವರೆ ಸಣ್ಣ ಪೆಗ್‌ಗೆ ಸಮ. ಪೊಲೀಸರ ಮಷಿನ್ ವೈನು ವಿಸ್ಕಿ ಅಂತ ಭೇದ ಮಾಡಲ್ಲ, 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಿದ್ರೆ ಕೇಸು. ಕುಡಿದ್ರೆ ಗಾಡಿ ಮುಟ್ಟಬೇಡ್ರಿ.

ರೆಡ್ ವೈನ್ ಹಾರ್ಟ್‌ಗೆ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ದಿನಾ ಅಪ್ಪಾಜಿಗೆ ಸ್ವಲ್ಪ ಕೊಡ್ಲಾ?

ಬೇಡ್ರಿ. ಆಲ್ಕೋಹಾಲ್ ಇಷ್ಟು ಕುಡಿದ್ರೆ ಸೇಫ್ ಅನ್ನೋ ಮಟ್ಟ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗೇ ಹೇಳಿದೆ. ವೈನ್ ರುಚಿಗೆ ಕುಡಿಯೋ ಪದಾರ್ಥ, ಔಷಧಿ ಅಲ್ಲ. ಬಿಪಿ ಶುಗರ್ ಮಾತ್ರೆ ತಗೊಳ್ಳೋರಂತೂ ಡಾಕ್ಟ್ರನ್ನ ಕೇಳದೆ ಮುಟ್ಟಬಾರ್ದು.

ನಾವು ಪ್ಯೂರ್ ವೆಜ್, ವೈನ್ ವೆಜ್ಜಾ ನಾನ್‌ವೆಜ್ಜಾ?

ಅತ್ತಿಗೆಯೊಬ್ರು ಕೇಳಿದ್ದು, ಒಳ್ಳೆ ಪ್ರಶ್ನೆ. ದ್ರಾಕ್ಷಿ ರಸ ಹುದುಗು ಬರೋದ್ರಲ್ಲಿ ಮಾಂಸದ್ದೇನೂ ಇಲ್ಲ, ಆದ್ರೆ ವೈನ್ ತಿಳಿ ಮಾಡೋಕೆ ಕೆಲವರು ಮೊಟ್ಟೆಯ ಬಿಳಿ, ಜೆಲಾಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಪುಡಿ ಬಳಸ್ತಾರೆ, ಅದು ಗಷ್ಟಿನ ಜೊತೆ ತಳಕ್ಕೆ ಇಳಿದು ಹೋಗುತ್ತೆ. ಬೆಂಟೊನೈಟ್ ಅನ್ನೋ ಜೇಡಿಮಣ್ಣಿನಿಂದ ತಿಳಿ ಮಾಡಿದ್ರೆ ಆ ಚಿಂತೆ ಇಲ್ಲ. ಬಾಟ್ಲು ಮೇಲೆ ಹಸಿರು ಚುಕ್ಕೆ ಅಥವಾ ವೀಗನ್ ಅಂತ ಇದೆಯಾ ನೋಡ್ರಿ, ಇಲ್ಲಾಂದ್ರೆ ವೈನರಿಗೇ ಒಂದು ಮೇಲ್ ಹಾಕಿ.

## ಕೊಳ್ಳೋದು, ಇಡೋದು, ಊಟಕ್ಕೆ ಜೋಡಿಸೋದು

ಫಸ್ಟ್ ಬಾಟ್ಲು ಯಾವ್ದು ತಗೊಳ್ಲಿ? ಉದ್ದ ಕಥೆ ಬೇಡ, ಹೆಸರು ಹೇಳ್ರಿ

ಬಿಳಿಯಿಂದ ಶುರು ಮಾಡ್ರಿ, ಒಗರಿನ ಜಗಳ ಇರಲ್ಲ. ಸಾವಿನ್ಯೊ ಬ್ಲಾಂ ಅಥವಾ ಶೆನಿನ್ ಬ್ಲಾಂ, ಈಚಿನ ವರ್ಷದ ಕೊಯ್ಲಿನದ್ದು, ಚೆನ್ನಾಗಿ ತಣ್ಣಗೆ ಮಾಡಿ. ಸಾವಿನ್ಯೊ ಬ್ಲಾಂನಲ್ಲಿ ಪೇರಲ ಹಣ್ಣಿನ, ಹಸಿ ದಪ್ಪ ಮೆಣಸಿನಕಾಯಿಯ ವಾಸನೆ ಸಿಗುತ್ತೆ, ಅದನ್ನ ಗುರುತಿಸೋಕೆ ಯಾವ ಕೋರ್ಸೂ ಬೇಡ. ಆಮೇಲೆ ಗ್ರೋವರ್ ಜಂಪಾದ ಲಾ ರಿಸರ್ವ್ ಕೆಂಪು, ಇದು ಕ್ಯಾಬರ್ನೆ ಶಿರಾಜ್ ಎರಡೂ ಬೆರೆಸಿದ್ದು. ಫ್ರಾನ್ಸಿನ ಹೆಸರಾಂತ ವೈನ್ ಸಲಹೆಗಾರ ಮಿಷೆಲ್ ರೊಲಾಂ ಬಹಳ ವರ್ಷ ಈ ಕಂಪನಿಗೆ ಸಲಹೆ ಕೊಟ್ಟಿದಾರೆ. ನಂದಿ ಕಡೆದೇ ಎಸ್‌ಡಿಯು ಅನ್ನೋ ವೈನರಿಯ ಸಿರಾ ಸಿಕ್ಕರೆ ಬಿಡಬೇಡ್ರಿ, ಸಿರಾ ಶಿರಾಜ್ ಎರಡೂ ಒಂದೇ ದ್ರಾಕ್ಷಿ. ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ದಾಗ ಹಂಪಿ ಹಿಲ್ಸ್‌ನ ಕೃಷ್ಮಾ ವೈನರಿಯ ಕ್ಯಾಬರ್ನೆ ಸಾವಿನ್ಯೊಂ, ನನ್ನ ಪ್ರಕಾರ ರಾಜ್ಯದಲ್ಲಿ ಅದನ್ನ ಮೀರಿಸೋ ಕೆಂಪು ಕಮ್ಮಿ. ಕೃಷ್ಣಪ್ರಸಾದ್, ಉಮಾ ಚಿಗುರುಪಾಟಿ ಅನ್ನೋ ದಂಪತಿದು ಆ ತೋಟ, ಇಬ್ರೂ ಏಳು ಖಂಡದಲ್ಲಿ ಮ್ಯಾರಥಾನ್ ಓಡಿದೋರು, ಹಠ ಇದ್ದೋರು ಅನ್ನೋದು ವೈನ್‌ನಲ್ಲೂ ಗೊತ್ತಾಗುತ್ತೆ.

ಲೇಬಲ್ ಮೇಲೆ ಏನೇನೋ ಬರ್ದಿರ್ತಾರೆ, ಯಾವ್ದು ನೋಡ್ಬೇಕು ಯಾವ್ದು ಬಿಡ್ಬೇಕು?

ನೋಡಬೇಕಾಗಿರೋದು ದ್ರಾಕ್ಷಿ ಹೆಸರು, ಕೊಯ್ಲಿನ ವರ್ಷ, ಎಲ್ಲಿ ಬೆಳೆದಿದ್ದು, ಬಾಟ್ಲಿಂಗ್ ಆದ ತಾರೀಖು. ವರ್ಷಾನೇ ಹಾಕಿಲ್ಲ ಅಂದ್ರೆ ಬೇರೆ ಬೇರೆ ವರ್ಷದ್ದು ಬೆರೆಸಿರಬಹುದು, ಅದು ಅಗ್ಗದ ವೈನ್‌ನಲ್ಲಿ ಮಾಮೂಲಿ. ರಿಸರ್ವ್ ಅನ್ನೋ ಪದಕ್ಕೆ ಮರುಳಾಗಬೇಡ್ರಿ. ಸ್ಪೇನ್‌ನಲ್ಲಿ ಕೆಂಪು ರಿಸರ್ವಾ ಅಂದ್ರೆ ಕನಿಷ್ಠ 3 ವರ್ಷ ಇಟ್ಟಿರಬೇಕು, ಅದರಲ್ಲಿ 1 ವರ್ಷ ಓಕ್ ಮರದ ಪೀಪಾಯಿಯಲ್ಲಿ ಅಂತ ಕಾನೂನಿದೆ, ನಮ್ಮಲ್ಲಿ ಆ ಬಿಗಿ ಇಲ್ಲ, ಅದಕ್ಕೆ ಹಿಂದಿನ ಲೇಬಲ್‌ನಲ್ಲಿ ಎಷ್ಟು ತಿಂಗಳು ಓಕ್‌ನಲ್ಲಿಟ್ಟಿದಾರೆ ಅಂತ ಬರೆದಿದ್ರೆ ಅದನ್ನ ನಂಬಿ. ಚಿನ್ನದ ಅಕ್ಷರ, ಪದಕದ ಸ್ಟಿಕ್ಕರು, ದಪ್ಪ ಬಾಟ್ಲು ಇವೆಲ್ಲ ಶೋ.

ಹಳೇದಾದಷ್ಟೂ ಒಳ್ಳೇದಲ್ವಾ? ಮಗಳ ಮದ್ವೆಗೆ ಈಗ್ಲೇ ತಂದಿಡೋಣ ಅಂತಿದೀನಿ

ಮಗಳಿಗೀಗ ಎಷ್ಟು ವರ್ಷ ಯಜಮಾನ್ರೇ? ನಮ್ಮ ವೈನ್‌ಗಳಲ್ಲಿ ಬಹುಪಾಲು ಬೇಗ ಕುಡಿಯೋಕೇ ಮಾಡಿದ್ದು. ಬಿಳಿ ಮತ್ತೆ ರೋಸೆ (ಗುಲಾಬಿ ಬಣ್ಣದ ವೈನ್) ಕೊಯ್ಲಾದ ಎರಡು ವರ್ಷದೊಳಗೆ, ಮಾಮೂಲಿ ಕೆಂಪು ಮೂರ್ನಾಲ್ಕು ವರ್ಷದೊಳಗೆ ಮುಗಿಸಿ. ಓಕ್‌ನಲ್ಲಿಟ್ಟ ಒಳ್ಳೆ ಕ್ಯಾಬರ್ನೆ, ಸಿರಾ ಇನ್ನೂ ಕೆಲವು ವರ್ಷ ತಡೆಯುತ್ತೆ, ಅದೂ ತಣ್ಣನೆ ಜಾಗದಲ್ಲಿಟ್ರೆ ಮಾತ್ರ. ಅಂಗಡಿಯಲ್ಲಿ ಐದು ವರ್ಷದ ಹಳೇ ಬಿಳಿ ವೈನ್ ಆಫರ್‌ನಲ್ಲಿ ಕೊಡ್ತೀನಿ ಅಂದ್ರೆ ಕೈ ಮುಗಿದು ಬನ್ನಿ.

ಏಪ್ರಿಲ್ ಬಂತು ಅಂದ್ರೆ ನಮ್ಮೂರಲ್ಲಿ ಮನೆ ಒಳಗೇ ಬೇಯುತ್ತೆ, ಬಾಟ್ಲು ಎಲ್ಲಿಡೋದು?

ನಮ್ಮ ಕಡೆಯೋರಿಗೆ ಎಲ್ಲಕ್ಕಿಂತ ಮುಖ್ಯ ಇದೇನೇ. ವೈನ್‌ಗೆ ಹಿತ ಅನ್ಸೋದು 12ರಿಂದ 15 ಡಿಗ್ರಿ. ದಾವಣಗೆರೆಯಲ್ಲಿ ಬೇಸಿಗೆ 38-40 ಮುಟ್ಟುತ್ತೆ, ದುರ್ಗದಲ್ಲಿ ಆ ಬಂಡೆಗಳು ರಾತ್ರಿ ಹತ್ತಾದ್ರೂ ಕಾವು ಬಿಡ್ತಿರ್ತವೆ. 30 ದಾಟಿದ ಜಾಗದಲ್ಲಿ ವಾರಗಟ್ಟಲೆ ನಿಂತ ವೈನ್‌ನಲ್ಲಿ ಹಣ್ಣಿನ ಘಮ ಸತ್ತು ಬೆಂದ ಜಾಮ್ ವಾಸನೆ ಬರುತ್ತೆ. ಈಗ ಅಂಗಡಿ ನೆನಪಿಸಿಕೊಳ್ರಿ, ವೈನ್ ಬಾಟ್ಲು ಚೆಂದ ಕಾಣುತ್ತೆ ಅಂತ ಮೇಲಿನ ಶೆಲ್ಫ್‌ನಲ್ಲಿ, ಟ್ಯೂಬ್‌ಲೈಟ್ ಪಕ್ಕದಲ್ಲಿ, ರಸ್ತೆ ಕಡೆ ಗಾಜಿಗೆ ಮುಖ ಮಾಡಿ ನಿಲ್ಲಿಸಿರ್ತಾರೆ, ಕೇಳೋರು ಕಮ್ಮಿ ಆದ್ರಿಂದ ಒಂದೊಂದು ಬಾಟ್ಲು ಎರಡು ಬೇಸಿಗೆ ಅಲ್ಲೇ ಕಳೆದಿರುತ್ತೆ, ಅದನ್ನ ತಂದು ಕುಡಿದು "ಥೂ ಇಂಡಿಯನ್ ವೈನ್ ಇಷ್ಟೇ" ಅಂತ ಬೈಯೋದು ವೈನರಿಯೋರನ್ನ.

ಅದಕ್ಕೆ ಕೊಳ್ಳೋದು ನವೆಂಬರ್‌ನಿಂದ ಫೆಬ್ರವರಿ ಒಳಗೆ ಇಟ್ಕೊಳ್ರಿ. ಧೂಳು ಹಿಡಿದ ಡಿಸ್‌ಪ್ಲೇ ಬಾಟ್ಲು ಬೇಡ, ಒಳಗಿನ ಕೇಸ್‌ನಿಂದ ತೆಗೆದುಕೊಡಿ ಅನ್ರಿ. ಕಾರ್ಕ್ ಮೇಲಕ್ಕೆ ಉಬ್ಬಿದ್ರೆ, ಬಾಯಿ ಹತ್ರ ಅಂಟು ಇದ್ರೆ ಬಿಸಿ ತಿಂದಿದೆ ಅಂತ ಅರ್ಥ. ಬೇಸಿಗೇಲಿ ಕಾರ್ ಡಿಕ್ಕಿಯಲ್ಲಿಟ್ಟು ಹಿರಿಯೂರಲ್ಲಿ ಊಟಕ್ಕೆ ನಿಲ್ಲಿಸಿ ಬಂದ್ರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ, ಸೀಟ್ ಕೆಳಗೆ ಎಸಿ ತಾಗೋ ಹಾಗೆ ಇಡ್ರಿ. ಮನೇಲಿ ಅಡುಗೆಮನೆ ಅಟ್ಟ ಬೇಡವೇ ಬೇಡ, ನೆಲಮಟ್ಟದ ಕತ್ತಲೆ ಮೂಲೆ, ಇಲ್ಲಾ ಫ್ರಿಜ್‌ನ ತರಕಾರಿ ಡಬ್ಬಿ. ಕೆಲವು ತಿಂಗಳ ಮಟ್ಟಿಗೆ ಫ್ರಿಜ್‌ನಿಂದ ಏನೂ ಆಗಲ್ಲ.

ಇನ್ನೊಂದು, ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡೀಬೇಕು ಅಂತಾರಲ್ಲ, ಅದು ಯುರೋಪಿನ ಚಳಿ ರೂಮು, 16-18 ಡಿಗ್ರಿ. ನಮ್ಮಲ್ಲಿ ಕೆಂಪೂ ಅರ್ಧ ಗಂಟೆ ಫ್ರಿಜ್‌ನಲ್ಲಿರ್ಲಿ. ಬಿಳಿ ಎರಡು ಮೂರು ಗಂಟೆ.

ಕಾರ್ಕ್ ಇಲ್ಲ, ತಿರುಗಿಸೋ ಮುಚ್ಚಳ ಇದೆ, ಲೋಕಲ್ ಮಾಲಾ?

ಅಲ್ಲ. ನಮ್ಮ ಬಿಸಿಲಿಗೆ ಅದೇ ವಾಸಿ. ಕಾರ್ಕ್ ಒಣಗಿ ಗಾಳಿ ಹೋಗೋ ಭಯ ಇಲ್ಲ, ಓಪನರ್ ಹುಡುಕೋ ಪಾಡೂ ಇಲ್ಲ.

ಮಿರ್ಚಿ ಮಂಡಕ್ಕಿ, ಬೆಣ್ಣೆ ದೋಸೆ ಜೊತೆಗೆಲ್ಲ ವೈನ್ ಸರಿ ಹೋಗುತ್ತಾ, ಇಲ್ಲಾ ಚೀಸೇ ಬೇಕಾ?

ಚೀಸ್ ಯಾರಿಗ್ರಿ ಬೇಕು, ದಾವಣಗೆರೆಯಲ್ಲಿದ್ದು ಆ ಮಾತೇ? ಎರಡು ವಿಷಯ ನೆನಪಿಟ್ರೆ ಸಾಕು. ಖಾರಕ್ಕೆ ಒಗರು, ಜಾಸ್ತಿ ಆಲ್ಕೋಹಾಲು ಎರಡೂ ಶತ್ರು, ಬಾಯಿ ಇನ್ನೂ ಉರಿಯುತ್ತೆ. ಸ್ವಲ್ಪ ಸಿಹಿ, ತಂಪು, ಹುಳಿ ಇವು ಮಿತ್ರರು. ಹಾಗಾಗಿ ಮೆಣಸಿನಕಾಯಿ ಬಜ್ಜಿಗೆ ಕ್ಯಾಬರ್ನೆ ಹಾಕ್ಕೊಂಡ್ರೆ ಎರಡೂ ಹಾಳು, ಅದೇ ಲೈಟಾಗಿ ಸಿಹಿ ಇರೋ ಶೆನಿನ್ ಬ್ಲಾಂ ಐಸ್ ಹಾಗೆ ತಣ್ಣಗಿದ್ರೆ ಒಂದು ತಟ್ಟೆ ಮಿರ್ಚಿ ಎಲ್ಲಿ ಹೋಯ್ತೋ ಗೊತ್ತಾಗಲ್ಲ. ನರ್ಗೀಸ್ ಮಂಡಕ್ಕಿಗೆ ಗುಳ್ಳೆ ಏಳೋ ಸ್ಪಾರ್ಕ್ಲಿಂಗ್ ವೈನ್ ಬಹಳ ಚೆಂದ, ಗುಳ್ಳೆ ಮತ್ತೆ ಹುಳಿ ಎಣ್ಣೆ ಜಿಡ್ಡನ್ನ ತೊಳೆದು ಬಿಡುತ್ತೆ. ಬೆಣ್ಣೆ ದೋಸೆಗೆ ಓಕ್‌ನಲ್ಲಿಟ್ಟ ಶಾರ್ಡನೆ ಅನ್ನೋ ಬಿಳಿ ವೈನ್ ನೋಡ್ರಿ, ಅದರಲ್ಲೇ ಒಂದು ಬೆಣ್ಣೆ ಗುಣ ಇರುತ್ತೆ, ಆಲೂಗಡ್ಡೆ ಪಲ್ಯಕ್ಕೂ ಒಗ್ಗುತ್ತೆ, ಚಟ್ನಿ ಮಾತ್ರ ಕಮ್ಮಿ ಹಾಕ್ಕೊಳ್ರಿ. ಬೆಳಿಗ್ಗೆ ಎಂಟಕ್ಕೆ ಅಲ್ಲ ಮತ್ತೆ, ಸಂಜೆ.

ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಸಾಂಜೋವೇಸೆ ಅನ್ನೋ ಕೆಂಪು ಅಥವಾ ಹಗುರವಾದ ಶಿರಾಜ್. ಮಟನ್ ಸಾರಿಗೆ ಶಿರಾಜ್ ಅದರ ಕರಿಮೆಣಸಿನ ಘಾಟಿನಿಂದ ಚೆನ್ನಾಗಿ ಕೂರುತ್ತೆ, ಕೊಬ್ಬು ಇರೋದ್ರಿಂದ ಒಗರು ತಾನಾಗೇ ಇಳಿಯುತ್ತೆ. ಹೋಳಿಗೆಗೆ ಲೇಟ್ ಹಾರ್ವೆಸ್ಟ್, ಡ್ರೈ ವೈನ್ ಹಾಕಿದ್ರೆ ಬರೀ ಹುಳಿ. ಮೊಸರನ್ನಕ್ಕೆ ಮಾತ್ರ ನಂಗೆ ಯಾವ ವೈನೂ ಇಷ್ಟ ಆಗಲ್ಲ, ಅದನ್ನ ಅದರ ಪಾಡಿಗೆ ಬಿಟ್ಟುಬಿಡೋಣ.

ಸ್ಟೀಲ್ ಲೋಟದಲ್ಲಿ ಕುಡಿದ್ರೆ ಏನಾಗುತ್ತೆ?

ಏನೂ ಆಗಲ್ಲ, ಆದ್ರೆ ಬಣ್ಣ ಕಾಣಲ್ಲ, ಅಗಲ ಬಾಯಿಂದ ವಾಸನೆ ಹಾರಿ ಹೋಗುತ್ತೆ. ಬಾಯಿ ಸ್ವಲ್ಪ ಕಿರಿದಾಗಿರೋ ಯಾವ ಗಾಜಿನ ಗ್ಲಾಸಾದ್ರೂ ನಡೆಯುತ್ತೆ, ಮೂರನೇ ಒಂದು ಭಾಗ ಮಾತ್ರ ತುಂಬ್ರಿ.

ಬಾಟ್ಲು ತಳದಲ್ಲಿ ಗಾಜಿನ ಚೂರಿನ ತರ ಇತ್ತು, ಹೆದರಿ ಸಿಂಕ್‌ಗೆ ಸುರಿದುಬಿಟ್ಟೆ, ಸರಿ ಮಾಡಿದ್ನಾ?

ಅಯ್ಯೋ. ಅದು ಟಾರ್ಟರಿಕ್ ಆಮ್ಲದ ಹರಳು, ದ್ರಾಕ್ಷಿಯದ್ದೇ, ತಣ್ಣಗಾದಾಗ ತಳ ಕೂರುತ್ತೆ, ಏನೂ ತೊಂದ್ರೆ ಇಲ್ಲ. ನಿಜವಾಗ್ಲೂ ಸುರಿಯಬೇಕಾಗಿರೋದು ನೇಲ್ ಪಾಲಿಶ್ ಅಥವಾ ವಿನೆಗರ್ ವಾಸನೆ ಬಂದಾಗ, ನೆನೆದ ರಟ್ಟಿನ ಮುಗ್ಗಲು ನಾತ ಬಂದಾಗ, ಬಿಳಿ ವೈನ್ ಕಂದು ತಿರುಗಿದಾಗ. ಓಪನ್ ಮಾಡಿದ್ದನ್ನ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ದಿನ ಸಾಕು.

ಅಷ್ಟೇ ದುಡ್ಡಿಗೆ ಫಾರಿನ್ ವೈನ್ ಬರುತ್ತೆ, ಅದೇ ತಗೊಂಡ್ರಾಯ್ತಲ್ವಾ?

ಹೊರದೇಶದ ವೈನ್ ಮೇಲೆ ಬಹಳ ವರ್ಷ ಶೇ. 150 ಕಸ್ಟಮ್ಸ್ ಸುಂಕ ಇತ್ತು, 2022ರ ಒಪ್ಪಂದದಲ್ಲಿ ಆಸ್ಟ್ರೇಲಿಯಾದ್ದಕ್ಕೆ ಸ್ವಲ್ಪ ಇಳಿಸಿದ್ರು. ಅದರ ಮೇಲೆ ರಾಜ್ಯದ ತೆರಿಗೆ, ಸಾಗಣೆ. ಅಂದ್ರೆ ಇಲ್ಲಿ ಸಾವಿರದೈನೂರಕ್ಕೆ ಸಿಗೋ ಫಾರಿನ್ ಬಾಟ್ಲು ಅವರ ಊರಲ್ಲಿ ಸೂಪರ್‌ಮಾರ್ಕೆಟ್‌ನ ಕೆಳಗಿನ ಸಾಲಿನ ಸರಕು. ಅದೇ ದುಡ್ಡಿಗೆ ಇಲ್ಲಿನೋರು ತಮ್ಮ ಒಳ್ಳೆ ಮಾಲು ಕೊಡ್ತಾರೆ.

## ಇನ್ನೂ ಆಳಕ್ಕೆ ಇಳಿಯೋರಿಗೆ

ನಂದಿ, ಹಂಪಿ ಅಂತ ಜಾಗ ಬದಲಾದ್ರೆ ರುಚಿ ನಿಜವಾಗ್ಲೂ ಬದಲಾಗುತ್ತಾ, ಇಲ್ಲಾ ಬರೀ ಮಾರ್ಕೆಟಿಂಗಾ?

ಬದಲಾಗುತ್ತೆ. ದೊಡ್ಡಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ನಮ್ಮ ದಾವಣಗೆರೆ 600. ಎತ್ತರ ಇದ್ದಷ್ಟೂ ರಾತ್ರಿ ತಂಪು, ರಾತ್ರಿ ತಂಪಿದ್ರೆ ಹಣ್ಣಲ್ಲಿ ಹುಳಿ ಉಳಿಯುತ್ತೆ, ಹುಳಿ ಇದ್ರೆ ವೈನ್ ಚುರುಕಾಗಿರುತ್ತೆ. ಹಂಪಿ ಹಿಲ್ಸ್ ಕಡೆ ಬಿಸಿಲು ಜಾಸ್ತಿ, ಮಳೆ ಕಮ್ಮಿ, ಕಲ್ಲು ನೆಲ, ಬಳ್ಳಿ ಕಷ್ಟಪಟ್ಟು ಸಣ್ಣ ಹಣ್ಣು ಬಿಡುತ್ತೆ. ಸಣ್ಣ ಹಣ್ಣಲ್ಲಿ ರಸಕ್ಕೆ ಹೋಲಿಸಿದ್ರೆ ಸಿಪ್ಪೆ ಹೆಚ್ಚು, ಅದಕ್ಕೇ ಅಲ್ಲಿನ ಕೆಂಪು ದಟ್ಟ. ಒಂದೇ ವರ್ಷದ ಎರಡು ಕಡೆಯ ಕ್ಯಾಬರ್ನೆ ಪಕ್ಕಪಕ್ಕ ಇಟ್ಟು ಕುಡಿದು ನೋಡ್ರಿ, ನಾಲ್ಕು ಜನ ಸೇರಿದ್ರೆ ಖರ್ಚೂ ಹಂಚಿಕೆ ಆಗುತ್ತೆ.

ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ (ಕಡ್ಡಿ ಕತ್ತರಿಸೋದು) ಮಾಡ್ತಾರಂತೆ, ಹಂಗಾದ್ರೆ ಎರಡು ಬೆಳೆ ಯಾಕೆ ತೆಗೆಯಲ್ಲ?

ಯುರೋಪ್‌ನಲ್ಲಿ ಚಳಿಗೆ ಬಳ್ಳಿ ನಿದ್ದೆ ಹೋಗುತ್ತೆ, ನಮ್ಮಲ್ಲಿ ಬಳ್ಳಿಗೆ ನಿದ್ದೆನೇ ಇಲ್ಲ, ಕತ್ತರಿ ಹಾಕಿ ನಾವೇ ಅದಕ್ಕೆ ಕಾಲ ತಿಳಿಸಬೇಕು. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸೋಕೆ. ಆ ಬಿಸಿಲಲ್ಲಿ ಹೊಸ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊಂಚಲು ರೂಪ ಆಗುತ್ತೆ. ಸೆಪ್ಟೆಂಬರ್-ಅಕ್ಟೋಬರ್ ಚಾಟ್ನಿ ಹಣ್ಣಿಗೆ, ಮಳೆ ಹಿಂದಾದ ಮೇಲೆ ಹೂವಾಗಿ ಒಣ ಹವೆಯಲ್ಲಿ ಹಣ್ಣಾಗುತ್ತೆ, ಕೊಯ್ಲು ಫೆಬ್ರವರಿ-ಮಾರ್ಚ್ ಸುಮಾರಿಗೆ. ಮಳೆಗಾಲದಲ್ಲಿ ಗೊಂಚಲು ಬಿಟ್ರೆ ಡೌನಿ ಅನ್ನೋ ಬೂಜು ರೋಗ ಬಂದು ಹಾಳಾಗುತ್ತೆ, ಸಿಹಿಯೂ ಏರಲ್ಲ. ಬೆಂಗಳೂರು ಬ್ಲೂ ಗಟ್ಟಿ ಪಿಂಡ, ಅದರಲ್ಲಿ ಎರಡು ಬೆಳೆ ತೆಗೀತಾರೆ, ವಿನಿಫೆರಾದಲ್ಲಿ ಆ ಆಟ ನಡೆಯಲ್ಲ.

ಕೊಳ್ಳೋರಿಗೆ ಇದರಿಂದ ಏನು ಅಂದ್ರೆ, ಲೇಬಲ್‌ನಲ್ಲಿ 2024 ಅಂತಿದ್ರೆ ಆ ಹಣ್ಣು ಆ ವರ್ಷದ ಶುರುವಿನಲ್ಲೇ ಕೊಯ್ದಿದ್ದು. ಅದೇ ವರ್ಷದ ಯುರೋಪಿನ ವೈನ್‌ಗಿಂತ ಅರ್ಧ ವರ್ಷ ಹಳೇದು.

ವೈನರಿ ನೋಡ್ಬೇಕು, ದಾವಣಗೆರೆಯಿಂದ ಒಂದಿನದಲ್ಲಿ ಹೋಗಿಬರೋ ಹಾಗೆ ಹೇಳ್ರಿ

ದೊಡ್ಡಬಳ್ಳಾಪುರಕ್ಕೆ ಹೈವೇಯಲ್ಲಿ ಡಾಬಸ್‌ಪೇಟೆ ತನಕ ಹೋಗಿ ಎಡಕ್ಕೆ ತಿರುಗಿದ್ರೆ ಬೆಂಗಳೂರು ಟ್ರಾಫಿಕ್ ಮುಟ್ಟದೇ ತಲುಪಬಹುದು, ಸುಮಾರು ನಾಲ್ಕು ಗಂಟೆ ದಾರಿ. ಗ್ರೋವರ್‌ನಲ್ಲಿ ಟೂರ್, ಟೇಸ್ಟಿಂಗ್ ಎರಡೂ ಇರುತ್ತೆ, ಮುಂಚೆ ಬುಕ್ ಮಾಡ್ರಿ. ಚನ್ನಪಟ್ಟಣದ ಹತ್ರ ಡೊಮೇನ್ ಸುಲಾ ಇದೆ, ಆದ್ರೆ ನಮಗೆ ಒಂದಿನದ ದಾರಿ ಅಲ್ಲ. ಹೋಗೋದಾದ್ರೆ ಫೆಬ್ರವರಿ-ಮಾರ್ಚ್, ಕೊಯ್ಲು ನಡೀತಿರುತ್ತೆ, ಜೂನ್‌ನಲ್ಲಿ ಹೋದ್ರೆ ಬರೀ ಎಲೆ. ಕುಡಿಯದೇ ಇರೋ ಒಬ್ಬ ಡ್ರೈವರ್ ಜೊತೆಗಿರಲೇಬೇಕು. ವೈನ್ ಮಂಡಳಿಯೋರು ಬೆಂಗಳೂರು, ಮೈಸೂರು, ಬೆಳಗಾವಿ ಕಡೆ ವೈನ್ ಮೇಳ ಮಾಡಿದ್ದುಂಟು, ಹತ್ತಾರು ಕಂಪನಿದು ಒಂದೇ ಕಡೆ ರುಚಿ ನೋಡೋಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಹಿರಿಯೂರು ಹತ್ರ ನಾಲ್ಕು ಎಕ್ರೆ ಇದೆ, ದಾಳಿಂಬೆ ತೆಗ್ದು ವೈನ್ ದ್ರಾಕ್ಷಿ ಹಾಕ್ಲಾ?

ಹವೆ ಅಡ್ಡ ಬರಲ್ಲ, ಒಣ ಸೀಮೆ, ಡ್ರಿಪ್ ನಿಮಗೆ ಹೊಸದಲ್ಲ, ನಮ್ಮ ಕಡೆ ಡಾಗ್‌ರಿಡ್ಜ್ ಬೇರುಸಸಿ ಮೇಲೆ ಕಸಿ ಕಟ್ಟಿ ಹಾಕೋದು ರೂಢಿಯಲ್ಲೇ ಇದೆ. ಅಡ್ಡ ಬರೋದು ಮಾರ್ಕೆಟ್. ತಿನ್ನೋ ದ್ರಾಕ್ಷಿಗೆ ಒಬ್ಬ ಬೇಡ ಅಂದ್ರೆ ಇನ್ನೊಬ್ಬ ತಗೋತಾನೆ, ಅದೂ ಆಗದಿದ್ರೆ ಒಣದ್ರಾಕ್ಷಿ ಮಾಡಬಹುದು. ವೈನ್ ದ್ರಾಕ್ಷಿ ಸಣ್ಣ ಕಾಳು, ದಪ್ಪ ಸಿಪ್ಪೆ, ತುಂಬಾ ಬೀಜ, ಮಂಡಿಯಲ್ಲಿ ಯಾರೂ ಮೂಸಿ ನೋಡಲ್ಲ. ವೈನರಿಯೋರು ಬ್ರಿಕ್ಸ್ (ಹಣ್ಣಿನ ಸಿಹಿಯ ಅಳತೆ) 22-24 ಬಂದಾಗಲೇ ಕೊಯ್ಯಿ ಅಂತಾರೆ, ಇಳುವರಿ ಕಮ್ಮಿ ಇಟ್ಕೋ ಅಂತಾರೆ, ಕೊಯ್ದ ಹಣ್ಣು ಬಿಸಿಲೇರೋ ಮುಂಚೆ ಗೇಟಿನಲ್ಲಿರಬೇಕು, ಹಿರಿಯೂರಿಂದ ದೊಡ್ಡಬಳ್ಳಾಪುರಕ್ಕೆ ಅಂದ್ರೆ ರಾತ್ರಿಯೇ ಕೊಯ್ಲು ಮಾಡಿ ಲಾರಿ ಹೊರಡಿಸಬೇಕು.

ಅದಕ್ಕೆ ಸಸಿಗಿಂತ ಮೊದ್ಲು ಕಾಗದ. ಯಾವ ತಳಿ, ಎಷ್ಟು ವರ್ಷ, ಕೆಜಿಗೆ ಎಷ್ಟು, ಬ್ರಿಕ್ಸ್ ಕಮ್ಮಿ ಬಂದ್ರೆ ಎಷ್ಟು ಕಡಿತ, ಅವರು ಎತ್ತದೇ ಹೋದ್ರೆ ನಷ್ಟ ಯಾರ್ದು, ಇಷ್ಟೂ ಬರೆದು ಸಹಿ ಹಾಕೋ ವೈನರಿ ಸಿಕ್ಕರೆ ಒಂದು ಎಕ್ರೆಯಲ್ಲಿ ಹಾಕಿ ನೋಡ್ರಿ. ಸಿಗಲಿಲ್ಲ ಅಂದ್ರೆ ದಾಳಿಂಬೆ ಕೀಳಬೇಡ್ರಿ.